ಪಾಸ್‌ಪೋರ್ಟಿಗೆ ಇಟ್ಟ ಕುಂಕುಮ

ಶ್ರೀಲಂಕಾ ಪ್ರವಾಸಕ್ಕೆ ಹೊರಟ ಬೆಳಗ್ಗೆ, ಭದ್ರಾವತಿಯ ಜನ್ನಾಪುರದ ನಮ್ಮ ಮನೆಯಲ್ಲಿ ಅಮ್ಮ ನಮ್ಮ ಪಾಸ್‌ಪೋರ್ಟುಗಳನ್ನು ದೇವರ ಮುಂದಿಟ್ಟು ಪೂಜೆ ಮಾಡಿದಳು. ಕಣ್ಣು ಮಂಜಾಗಿತ್ತೇನೋ, ನನ್ನದರ ಹೊರಗಡೆ ಇಡಬೇಕಿದ್ದ ಕುಂಕುಮವನ್ನು ಒಳಗಿದ್ದ ಫೋಟೊದ ಹಣೆಗೇ ಇಟ್ಟುಬಿಟ್ಟಳು.

"ಅಯ್ಯೋ ಅತ್ತೆ, ಬದುಕಿರೋರ ಫೋಟೊಗೆ ಯಾರಾದ್ರೂ ಕುಂಕುಮ ಇಡ್ತಾರಾ?" ಎಂದು ನನ್ನ ಹೆಂಡತಿ ಸುಷ್ಮಾ ಗಾಬರಿಯಿಂದ ಒರೆಸಿದಳು. ಕಲೆ ಹೋಗಲಿಲ್ಲ.

ಕೊಲಂಬೋದಲ್ಲಿ ಆ ಪಾಸ್‌ಪೋರ್ಟನ್ನು ಸದಾ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಸುಡುಬಿಸಿಲಿನಲ್ಲೂ ಎದೆಯ ಆ ಭಾಗ ಮಾತ್ರ ತಣ್ಣಗಿರುತ್ತಿತ್ತು. ಹೋಟೆಲಿನ ಗಾಜಿನ ಬಾಗಿಲು ಸುಷ್ಮಾ ಹತ್ತಿರ ಬಂದರೆ ತಾನಾಗಿ ತೆರೆಯುತ್ತಿತ್ತು, ನಾನೊಬ್ಬನೇ ನಿಂತರೆ ಅಲುಗುತ್ತಿರಲಿಲ್ಲ. ಇಬ್ಬರೂ ತಿಂಡಿಗೆ ಕೂತಾಗಲೆಲ್ಲ ಒಂದೇ ಲೋಟ ನೀರು ಬರುತ್ತಿತ್ತು, ಅದೂ ಸುಷ್ಮಾಳ ಮುಂದೆ.

"ರೀ, ಅದನ್ನ ರೂಮಲ್ಲೇ ಬಿಟ್ಟು ಬನ್ನಿ," ಎಂದಳು ಸುಷ್ಮಾ.

"ಬಿಟ್ಟು ಬಂದ್ರೆ ನಾನು ಯಾರು ಅಂತ ಏನ್ ತೋರಿಸ್ಲಿ ಮಾರಾಯ್ತಿ?" ಎಂದು ರೇಗಿದೆ.

ವಾಪಸು ಬಂದಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನಮ್ಮಿಬ್ಬರ ಪಾಸ್‌ಪೋರ್ಟಿಗೂ ಠಪ್ಪೆಂದು ಮುದ್ರೆ ಒತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಸುಷ್ಮಾಳದರಲ್ಲಿ ಹೋದ ಮುದ್ರೆಯೂ ಇದೆ, ಬಂದ ಮುದ್ರೆಯೂ ಇದೆ.

ನನ್ನದರಲ್ಲಿ ಹೋದದ್ದು ಮಾತ್ರ ಇದೆ.