ಉಲ್ಟಾ ಬಾಗಿದ ಕೊಕ್ಕೆ

"ಅ-ಅಮ್ಮಾ, ಒಂದ್ಸಲ ಬಂದು ನೋ-ನೋಡಿ. ಅಣ್ಣ ಹೋಗ್ಬಿಟ್ಟ. ಎಲ್ರೂ ಆ-ಆಕಸ್ಮಿಕ ಅಂತಿದಾರೆ. ನೀವು ನೋ-ನೋಡ್ಲೇಬೇಕು."

ಹಿಂದಿನ ಮನೆಯ ಮೆಕ್ಯಾನಿಕ್ಕನ ತಮ್ಮ ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತು ಇಷ್ಟು ಹೇಳುವಷ್ಟರಲ್ಲಿ ಅವನ ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು. ದರ್ಜಿ ಅಳತೆಪಟ್ಟಿಯನ್ನು ಕೊರಳಲ್ಲೇ ಬಿಟ್ಟುಕೊಂಡು ಎದ್ದ. ಚೀಲದ ಹಿಡಿಕೆ ಹೊಲಿಸಿಕೊಳ್ಳುತ್ತ ಅಲ್ಲೇ ಕೂತಿದ್ದ ಮೀಟರಮ್ಮನೂ ಎದ್ದರು.

ಮೀಟರಮ್ಮ ಅಂಗಡಿಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದರು. ವಿದ್ಯುತ್ ಕಚೇರಿಯಲ್ಲಿ ಮೂವತ್ತು ವರ್ಷ, ಶಾಕ್ ಹೊಡೆದು ಸತ್ತವರು ಹೇಗೆ ಸತ್ತರೆಂದು ತನಿಖೆ ಮಾಡುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ಬೀದಿಯ ಜನ ಠಾಣೆಗಿಂತ ಮೊದಲು ಅವರ ಮೆಟ್ಟಿಲು ಹತ್ತುತ್ತಿದ್ದರು. ಮಂಡಿ ಹಿಡಿದ ಅವರಿಗೆ ಕೈಕೋಲಿನ ಜೊತೆ ದರ್ಜಿಯೂ ಊರುಗೋಲು.

ಸತ್ತವನು ಟಿ.ವಿ. ಮೆಕ್ಯಾನಿಕ್. ಗುಜರಿಯಲ್ಲಿ ಸಿಕ್ಕಿದ್ದ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ಎರಡು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿಟ್ಟುಕೊಂಡು ರಿಪೇರಿ ಮಾಡುತ್ತಿದ್ದ. ಆಳೆತ್ತರದ, ನಾಣ್ಯ ಹಾಕಿ ನಿಂತು ಆಡುವ ಪೆಟ್ಟಿಗೆ. ಗೆದ್ದಲು ತಿಂದ ತಳ ಬದಲಾಗಿತ್ತು, ಸಾಬೂನಿನಲ್ಲಿ ತೊಳೆದ ಗುಂಡಿಗಳು ಮಿರುಗುತ್ತಿದ್ದವು. ಪಕ್ಕದ ಹಲಗೆಗಳ ಮೇಲೆ ಮತ್ತೆ ರಾಕೆಟ್ಟುಗಳು ಹಾರತೊಡಗಿದ್ದವು. ಆ ಚಿತ್ರ ಬರೆದಾಕೆ ಪೇಟೆಯ ಬೋರ್ಡ್ ಬರೆಯುವವಳು. ಎಲ್ಲರ ಬಾಯಲ್ಲೂ ಬಣ್ಣದಾಕೆ.

ಮೆಕ್ಯಾನಿಕ್ ಪೆಟ್ಟಿಗೆಯ ಹಿಂಬದಿಯಲ್ಲಿ ಬೋರಲಾಗಿ ಬಿದ್ದಿದ್ದ. ಬಲಗೈ ಒಳಗೆ, ಪಿಕ್ಚರ್ ಟ್ಯೂಬಿನ ಹತ್ತಿರ. ಪ್ಲಗ್ ಕಿತ್ತಿತ್ತು.

"ಟ್ಯೂಬ್ ಹೊಡೆದಿದೆ," ಎಂದ, ಆಗಲೇ ಬಂದಿದ್ದ ಇನ್ಸ್‌ಪೆಕ್ಟರ್. "ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತಂತಲ್ಲ."

"ಉಳಿದಿರುತ್ತೆ. ಈಗಲೂ ಇದೆಯಾ ನೋಡೋಣ."

ಮೀಟರಮ್ಮ ಗೋಡೆಯ ಮೇಲಿದ್ದ, ಬಾಲದಂತೆ ತಂತಿ ಕಟ್ಟಿದ್ದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ಆ ತಂತಿಯನ್ನು ಟ್ಯೂಬಿನ ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ, ತುದಿಯನ್ನು ಟ್ಯೂಬಿನ ರಬ್ಬರ್ ಟೋಪಿಯಡಿ ತೂರಿದರು. 'ಚಟ್' ಎಂದು ನೀಲಿ ಕಿಡಿ ಹಾರಿತು. ಇನ್ಸ್‌ಪೆಕ್ಟರ್ ಎರಡು ಹೆಜ್ಜೆ ಹಿಂದೆ ಹಾರಿದ.

ಅವರು ಹೆಣದ ಬಲಗೈ ಬಿಡಿಸಿದರು. ಅಂಗೈಗೆ ಅಡ್ಡಲಾಗಿ ನೇರವಾದ ಸುಟ್ಟ ಗೆರೆ. ಆಮೇಲೆ ಮುಂದೆ ಬಂದು, ನಾಣ್ಯ ಬೀಳುವ ಉಕ್ಕಿನ ಬಾಗಿಲನ್ನು ತೆರೆದು, ಒಳಗೆ ಟಾರ್ಚ್ ಬಿಟ್ಟರು. "ದರ್ಜಿ, ನಿನ್ನ ಕಣ್ಣು ಚುರುಕು. ಈ ಹಸಿರು ತಂತಿ ನೋಡು."

ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ, ಬಾಗಿಲಿನ ಅರ್ಥ್ ತಂತಿ ಅದು. ತುದಿಯ ತಾಮ್ರದ ಕೊಕ್ಕೆ ಸ್ಕ್ರೂ ಸುತ್ತ ಎಡಕ್ಕೆ ಬಾಗಿತ್ತು. ಪೆಟ್ಟಿಗೆಯ ಉಳಿದ ನಲವತ್ತು ಕೊಕ್ಕೆಗಳೂ ಬಲಕ್ಕೆ. ದರ್ಜಿ ಭೂತಗನ್ನಡಿ ಹಿಡಿದ. "ಅಮ್ಮಾ, ಪ್ಯಾಂಟಿನ ಮಡಿಕೆ ತಿರುಗಿಸಿ ಇಸ್ತ್ರಿ ಹೊಡೆದ್ರೂ ಹಳೇ ಗೆರೆ ಹೋಗಲ್ಲ ನೋಡಿ, ಹಾಗಿದೆ. ಮೊದಲು ಬಲಕ್ಕೇ ಬಾಗಿತ್ತು."

"ಬಾಯಿ ಮುಚ್ಕೊಂಡಿರು," ಎಂದರು ಮೀಟರಮ್ಮ ಮೆಲ್ಲಗೆ.

ಆ ದಿನದ ಲೆಕ್ಕ ಸರಳವಾಗಿತ್ತು. ಬಣ್ಣದಾಕೆ ಹನ್ನೊಂದಕ್ಕೇ ಡಾಕ್ಟರ ಬಳಿ ಹೋಗಿದ್ದಳು. ಆಕೆಯ ಬಲಗೈಗೆ ಪ್ಲಾಸ್ಟರ್. ತಿಂಗಳ ಹಿಂದೆ ಮೆಕ್ಯಾನಿಕ್ ಪೆಟ್ಟಿಗೆಯಲ್ಲಿ ಆಡಲು ಹಿಡಿಯುವ ಜಾಯ್‌ಸ್ಟಿಕ್‌ಗೆ ಕರೆಂಟಿನ ತಂತಿ ಸೇರಿಸಿ, "ಮುಟ್ಟಿ ನೋಡಿ" ಎಂದಿದ್ದ. ಶಾಕಿಗೆ ಆಕೆ ಸ್ಟೂಲಿನಿಂದ ಬಿದ್ದು ಮಣಿಕಟ್ಟು ಮುರಿದಿತ್ತು. ಅದು ಅವನ ತಮಾಷೆ. ಅಪ್ಪ ಅಮ್ಮ ಇಲ್ಲದ ತಮ್ಮನಿಗೆ ಕೆಲಸ ಕಲಿಸಿದ್ದೂ ಹಾಗೆಯೇ: ಸ್ಕ್ರೂ ತಪ್ಪಿದರೆ ಒಂದು ಶಾಕ್, ಮಾತು ತೊದಲಿದರೆ ಎರಡು.

ಊಟವಾದ ಮೇಲೆ ಮೆಕ್ಯಾನಿಕ್ ಅರ್ಧ ಗಂಟೆ ಮಲಗಿದ್ದ. ಹೆಂಡತಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ ಎಂದಳು. ತಮ್ಮ ತಾರಸಿಯಲ್ಲಿದ್ದೆ ಎಂದ. ಬೀದಿ ಬಾಗಿಲಿಗೆ ಒಳಗಿನಿಂದ ಅಗುಳಿ. ಮೂರು ಗಂಟೆಗೆ ಚಹಾ ತಂದ ಹೆಂಡತಿ ಹೆಣ ಕಂಡಳು.

ಮರುದಿನ ಬೆಳಿಗ್ಗೆ ಅದೇ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೀಟರಮ್ಮ ಕುರ್ಚಿಯಲ್ಲಿ ಕೂತು ಶುರುಮಾಡಿದರು.

"ಟ್ಯೂಬ್ ಹೊಡೆದಿದ್ರೆ ಅದರ ಕರೆಂಟೆಲ್ಲ ಅವನ ಮೈಯೊಳಗೆ ಹರಿದು ಅದು ಬರಿದಾಗಿರ್ಬೇಕಿತ್ತು. ತುಂಬಿತ್ತು, ಕಿಡಿ ನೀವೇ ನೋಡಿದ್ರಿ. ಅಂಗೈಯ ಗೆರೆ ನಾಣ್ಯದ ಬಾಗಿಲಿನ ಅಂಚಿಗೆ ಸರಿಯಾಗಿ ಕೂರುತ್ತೆ. ಅವನು ಮಲಗಿದ್ದಾಗ ಯಾರೋ ಬಾಗಿಲಿನ ಅರ್ಥ್ ಬಿಚ್ಚಿ, ಅದಕ್ಕೆ ಮನೆಯ ಕರೆಂಟ್ ಕೊಟ್ಟಿದಾರೆ. ಎದ್ದು ಬಂದ, ಪೆಟ್ಟಿಗೆ ಆನ್ ಮಾಡಿದ, ಬರಿಗಾಲಲ್ಲಿ ಮಂಡಿಯೂರಿ ಬಾಗಿಲು ಹಿಡಿದ. ಆಮೇಲೆ ಕೊಂದವರು ಪ್ಲಗ್ ಕಿತ್ತು, ಅರ್ಥ್ ತಂತಿಯನ್ನ ಮತ್ತೆ ಕಟ್ಟಿ, ಹೆಣವನ್ನ ಹಿಂದಕ್ಕೆ ಎಳೆದು ಹಾಕಿದಾರೆ."

"ಯಾರು?" ಇನ್ಸ್‌ಪೆಕ್ಟರ್ ಕೇಳಿದ.

"ಸ್ಕ್ರೂ ಬಿಗಿಯಾಗೋ ದಿಕ್ಕಿಗೇ ತಂತಿಯ ಕೊಕ್ಕೆ ಬಗ್ಗಿಸ್ಬೇಕು. ಉಲ್ಟಾ ಬಗ್ಗಿಸಿದ್ರೆ ತಂತಿ ಹೊರಗೆ ಜಾರುತ್ತೆ. ಕೆಲಸ ಗೊತ್ತಿರೋರು ಈ ತಪ್ಪು ಮಾಡಲ್ಲ. ಈ ಅರ್ಥ್ ತಂತಿ ಉಲ್ಟಾ ಇದೆ."

ಇನ್ಸ್‌ಪೆಕ್ಟರ್ ಬೆರಳು ಮಡಿಚಿದ. "ಬಣ್ಣದಾಕೆ ಮನೇಲಿರಲಿಲ್ಲ, ಕೈಯೂ ಆಡಲ್ಲ. ತಮ್ಮ ಕೆಲಸ ಕಲಿತವನು. ಉಳಿದದ್ದು..."

"ನಾನಲ್ಲ!" ಹೆಂಡತಿ ಚೀರಿದಳು. "ನನಗೆ ಸ್ಕ್ರೂ ಹಿಡಿಯೋಕೇ ಬರಲ್ಲ!"

"ಅ-ಅತ್ತಿಗೆ, ಅದಕ್ಕೇ ತ-ತಪ್ಪಾಗಿದೆ," ಎಂದ ತಮ್ಮ, ಕನಿಕರದಿಂದೆಂಬಂತೆ.

ಇನ್ಸ್‌ಪೆಕ್ಟರ್ ಆಕೆಯ ಕಡೆ ಎದ್ದು ನಡೆದ. ಮೀಟರಮ್ಮ ಕೋಲು ಅಡ್ಡ ಹಿಡಿದರು.

"ಕೂತ್ಕೊಳ್ಳಿ. ಆ ತಂತಿಗೆ ಎರಡು ಮಡಿಕೆ ಇವೆ, ಕಂಡುಹಿಡಿದವನು ನಮ್ಮ ದರ್ಜಿ. ಮೆಕ್ಯಾನಿಕ್ ಬಲಕ್ಕೆ ಬಗ್ಗಿಸಿದ್ದ ಕೊಕ್ಕೆ ಸಿದ್ಧವಾಗೇ ಇತ್ತು. ಕೆಲಸ ಬಾರದೋಳು ಅವಸರದಲ್ಲಿ ಅದನ್ನೇ ಹಾಗೇ ಸಿಕ್ಕಿಸ್ತಿದ್ಲು, ತಾನಾಗೇ ಸರಿಯಾಗ್ತಿತ್ತು. ಇಲ್ಲಿ ಯಾರೋ ಇಕ್ಕಳ ತಗೊಂಡು ಕೊಕ್ಕೆಯನ್ನ ನೇರ ಮಾಡಿ, ಕಷ್ಟಪಟ್ಟು ಉಲ್ಟಾ ಬಗ್ಗಿಸಿದಾರೆ. ಬೇಕೂಂತ ತಪ್ಪು ಮಾಡೋಕೆ ಸರಿ ಯಾವುದು ಅಂತ ಗೊತ್ತಿರ್ಬೇಕು. ಈ ಮನೇಲಿ ಅದು ಗೊತ್ತಿದ್ದೋರು ಇಬ್ರು. ಒಬ್ಬ ಸತ್ತ."

ತಾನು ಹೇಳಿದ ಒಂದು ಮಾತಿಗೆ ಇಷ್ಟು ತೂಕವಿದೆಯೆಂದು ದರ್ಜಿಗೆ ತಿಳಿದಿರಲಿಲ್ಲ.

"ಇನ್ನೊಂದು," ಮೀಟರಮ್ಮ ತಮ್ಮನ ಕಡೆ ತಿರುಗಿದರು. "ಎಲ್ಲರೂ ಆಕಸ್ಮಿಕ ಅಂತ ಒಪ್ಪಿದ್ರು. ಸುಮ್ಮನಿದ್ದಿದ್ರೆ ನೀನು ಬಚಾವಾಗ್ತಿದ್ದೆ. ನನ್ನನ್ನ ಕರೆದದ್ದು ನೀನೇ. ಆ ಕೊಕ್ಕೆ ನನ್ನ ಕಣ್ಣಿಗೆ ಬೀಳ್ಬೇಕಿತ್ತು, ಅಲ್ವೇನಪ್ಪಾ? ಅಣ್ಣನ್ನ ಕೊಂದದ್ದು ನನಗೆ ಅರ್ಥ ಆಗುತ್ತೆ. ಅನ್ನ ಹಾಕಿದ ಅತ್ತಿಗೆ ತಲೆಗೆ ಯಾಕೆ ಕಟ್ಟಿದೆ?"

ತಮ್ಮ ನೆಲ ನೋಡುತ್ತಲೇ ಬಾಯಿ ತೆರೆದ.

"ಇ-ಇಪ್ಪತ್ತು ವರ್ಷ ಅಣ್ಣ ಶಾಕ್ ಕೊಟ್ಟ. ಅವನಿಗೆ ಅದೊಂದು ಹು-ಹುಚ್ಚು. ಅ-ಅತ್ತಿಗೆ ಅಡುಗೆಮನೆಯಿಂದ ಓಡಿ ಬರ್ತಿದ್ರು. ಬಿ-ಬಿಡಿಸೋಕೆ ಅಂತ ಅಂದ್ಕೊಂಡಿದ್ದೆ, ಚಿ-ಚಿಕ್ಕವನಿದ್ದಾಗ. ಬಾಗಿಲಲ್ಲಿ ನಿಂತು ನ... ನ... ನ..."

ಮಾತು ಸಿಕ್ಕಿಕೊಂಡಿತು. ಅವನ ಕತ್ತಿನ ನರಗಳು ಉಬ್ಬಿದವು, ಗದ್ದ ಅದುರಿತು. ಆಗ ಹೆಂಡತಿಯ ಬಾಯಿಂದ ಫಕ್ಕನೆ ನಗು ಹೊರಬಿತ್ತು. ಮರುಕ್ಷಣವೇ ಆಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆದರೆ ಎಲ್ಲರೂ ಕೇಳಿಯಾಗಿತ್ತು. ಗಂಡನ ಹೆಣ ಇನ್ನೂ ಆಸ್ಪತ್ರೆಯಲ್ಲಿತ್ತು.

ಇನ್ಸ್‌ಪೆಕ್ಟರ್ ತಮ್ಮನ ತೋಳು ಹಿಡಿದ. "ನಡಿ, ಉಳಿದದ್ದು ಠಾಣೇಲಿ ಹೇಳು."

"ತಡೀರಿ," ಎಂದರು ಮೀಟರಮ್ಮ. "ಮಾತು ಮುಗಿಸ್ಲಿ. ನಮಗೇನೂ ಅವಸರ ಇಲ್ಲ."

ಅವರೆಲ್ಲ ಕಾದರು. ದರ್ಜಿ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. ಬಣ್ಣದಾಕೆ ತಲೆ ತಗ್ಗಿಸಿದ್ದಳು.

"ಅತ್ತಿಗೆ ಸಾ-ಸಾಯೋದು ಬೇಡ ಅನ್ಸಿತ್ತು," ಎಂದ ತಮ್ಮ ಕೊನೆಗೆ, ಒಂದೊಂದೇ ಪದ ಎಳೆದು ತರುತ್ತ. "ಜೈಲಿಗೆ ಹೋ-ಹೋಗ್ಬೇಕಿತ್ತು. ನಾನು ಮಾಡಿಲ್ಲ, ಮಾಡಿಲ್ಲ ಅಂತ ಎ-ಎಲ್ಲರ ಮುಂದೆ ಅಳ್ಬೇಕಿತ್ತು. ನಾನು ಅವರ ಹಾಗೇ ಬಾ-ಬಾಗಿಲಲ್ಲಿ ನಿಂತು ನೋಡ್ಬೇಕಿತ್ತು."

ಅಷ್ಟು ಹೇಳಿ ಅವನೇ ಮೊದಲು ಹೊಸ್ತಿಲು ದಾಟಿದ.