ರಾಜೇಶ್ವರದ ತಿರುವಿನಲ್ಲಿ ಆರನೆಯ ಜೀಪು

ನೀವು ನಂಬದಿದ್ದರೂ ನಡೆಯುತ್ತದೆ, ರೆಕಾರ್ಡಿಂಗ್ ನನ್ನ ಹತ್ತಿರ ಇದೆ.

ರಾಜೇಶ್ವರದ ಬಯಲಿನಲ್ಲಿ ನಡೆದ ಜೀಪ್ ರೇಸನ್ನು ಲೈವ್ ತೋರಿಸುತ್ತಿದ್ದೆವು. ತಿರುವಿನಲ್ಲಿ ನನ್ನ ಕ್ಯಾಮೆರಾ. ದೂರದ ಟೆಂಟಿನಲ್ಲಿ, ನನ್ನ ಕ್ಯಾಮೆರಾದ ಚಿತ್ರ ಬರುವ ಟಿವಿ ಮುಂದೆ ಕೂತು ದಿಗಂಬರ ಕಾಕಾ ಕಾಮೆಂಟರಿ ಹೇಳುತ್ತಿದ್ದರು. ಟಿವಿಯಲ್ಲಿ ಕಂಡದ್ದನ್ನಷ್ಟೇ ಅವರು ಹೇಳಬೇಕು. ಇಯರ್‌ಫೋನಿನಲ್ಲಿ ಕೇಳಿ, ಅವರು ಹೇಳಿದ ಗಾಡಿಯನ್ನೇ ನಾನು ಹಿಡಿಯಬೇಕು. ಅದು ನಮ್ಮ ಕರಾರು.

ಕೊನೆಯ ಸುತ್ತು. ಐದೂ ಜೀಪುಗಳು ನನ್ನನ್ನು ದಾಟಿದವು. ಸುಡುಬಿಸಿಲಿನಲ್ಲಿ ಕ್ಯಾಮೆರಾದ ಹಿಡಿ ಬಾವಿ ನೀರಿನಂತೆ ತಣ್ಣಗಾಯಿತು.

"ಬಿಳಿ ಜೀಪ್ ಬರಾಕತ್ತದ ನೋಡ್ರಿ," ಕಾಕಾ ಮೆಲ್ಲಗೆ ಹೇಳಿದರು. "ಏನ್ ಚಂದ ಹೊರಳಾಕತ್ತದ."

ಕ್ಯಾಮೆರಾ ತಿರುಗಿಸಿದೆ. ಸದ್ದಿಲ್ಲ, ಧೂಳಿಲ್ಲ, ನೀರು ಹರಿದಂತೆ ಅದು ತಿರುವು ದಾಟಿತು. ಅಂಥ ಓಟ ನಾನು ಮತ್ತೆ ಕಂಡಿಲ್ಲ. ಅದರ ಗುಂಗಿನಲ್ಲಿ ಗೆದ್ದ ಜೀಪನ್ನು ತೋರಿಸುವುದೇ ತಪ್ಪಿತು.

ರೇಸ್ ಮುಗಿದ ಮೇಲೆ ಟೆಂಟಿಗೆ ಹೋಗಿ ಕೇಳಿದೆ: "ಓಡಿದ್ದು ಐದೇ ಅಲ್ರಿ ಕಾಕಾ? ನೀವ್ ಹೇಳಿದ್ರಿ ಅಂತ ನಾ ತಿರುಗ್ಸಿದೆ."

"ನೀ ತೋರ್ಸಿದಿ ಅಂತ ನಾ ಹೇಳಿದೆ, ತಮ್ಮಾ."

ರೆಕಾರ್ಡಿಂಗಿನಲ್ಲಿ ಕಾಕಾರ ದನಿ ಇದೆ. ಹಾದಿ ಖಾಲಿ. ಹಿಂದಿನ ಗುಡ್ಡ ಮಸುಕು, ಮುಂದಿನ ಜಾಲಿಗಿಡ ಮಸುಕು. ನಡುವಿನ ಬರಿಗಾಳಿಯ ಮೇಲೆ ಕೂತ ಫೋಕಸ್ ಮಾತ್ರ ತಿರುವು ಮುಗಿಯುವವರೆಗೂ ಕದಲಿಲ್ಲ.