ಸಿಂದಗಿ ಬಾನುಬಿಯ ಸೀಗಡಿ ಚಟ್ನಿ

“ಕೈ ಹಿಡಿ,” ಅಂದಳು ಬಾನುಬಿ.

ಸಿಂದಗಿ ಸಂತೆಯ ನಟ್ಟನಡುವೆ, ಒಣಮೀನಿನ ಚೀಲಗಳ ಹಿಂದೆ ತಕ್ಕಡಿ ಇಟ್ಟುಕೊಂಡು ಕೂತಿದ್ದ ಇಂಡಿ ಊರಿನ ಮಶಾಕಸಾಬ ತಲೆಯೆತ್ತಿ ನಕ್ಕ. ಪ್ರತಿ ವಾರದಂತೆ ಇವತ್ತೂ ಏನೋ ತಮಾಷೆ ಅಂದುಕೊಂಡ, ಪಾಪ. ಅಂಗೈ ಚಾಚಿದ. ಅವಳು ಪುಟ್ಟ ಡಬ್ಬಿಯಿಂದ ಒಂದು ಚಿಟಿಕೆ ಸೀಗಡಿ ಚಟ್ನಿ ತೆಗೆದು ಅದರ ಮೇಲೆ ಹಾಕಿದಳು.

“ಏನು, ಇವತ್ತು ಭಾಳ ಪ್ರೀತಿ ಉಕ್ಕೈತಲ್ಲ?”

“ತಿನ್ನು. ಆಮ್ಯಾಲೆ ಮಾತಾಡು.”

ತಿಂದ. ಹಲ್ಲಿನಡಿ ಕಟಂ ಅಂದಿತು. ನಗು ಅಲ್ಲೇ ನಿಂತಿತು.

“ಉಸುಕು!” ಅಂದಳು ಬಾನುಬಿ, ಆಚೀಚೆಯವರಿಗೆಲ್ಲ ಕೇಳುವಂತೆ. “ಗಿರಾಕಿ ಮಂದಿ ಮನಿಗೆ ಬಂದು ಮಾರಿಗೆ ಹೊಡದಂಗ ಹೇಳಿ ಹೋದ್ರು. ತೂಕ ಹೆಚ್ಚಲಿ ಅಂತ ಸೀಗಡ್ಯಾಗ ಉಸುಕು ಕಲಸ್ತೀಯೇನು?”

ಆ ಎಪ್ಪತ್ತೆಂಟನೇ ಇಸವಿಯ ಸುಮಾರಿನಲ್ಲಿ ಬಾನುಬಿಯ ಚಟ್ನಿ ಅಂದರೆ ಸುಮ್ಮನೆ ಮಾತಲ್ಲ. ಒಣ ಸೀಗಡಿಯ ತಲೆ, ಮೀಸೆ ಮುರಿದು, ಬಟ್ಟೆಯಲ್ಲಿ ತಿಕ್ಕಿ, ಎಣ್ಣೆ ಮುಟ್ಟಿಸದೆ ಘಮ್ಮೆನ್ನುವವರೆಗೆ ಹುರಿದು, ಬೆಳ್ಳುಳ್ಳಿ, ಒಣಕೊಬ್ಬರಿ, ಕೆಂಪು ಮೆಣಸಿನಕಾಯಿ ಸೇರಿಸಿ ಒರಳಲ್ಲಿ ಕುಟ್ಟುತ್ತಿದ್ದಳು. ತಿಂಗಳಿಟ್ಟರೂ ಕೆಡುತ್ತಿರಲಿಲ್ಲ. ಲಾರಿ ಡ್ರೈವರುಗಳು ಕಡಕ್ ರೊಟ್ಟಿಗೆ ಶೇಂಗಾ ಎಣ್ಣೆ ಹಾಕಿ, ಅದನ್ನೇ ಹಚ್ಚಿಕೊಂಡು ಸೊಲ್ಲಾಪುರ ಮುಟ್ಟುತ್ತಿದ್ದರು. ಬದನೆಕಾಯಿ ಪಲ್ಯಕ್ಕೆ ಒಂದು ಹಿಡಿ ಉದುರಿಸಿದರೆ ಮುನಿಸಿಕೊಂಡ ಗಂಡನೂ ಇನ್ನೊಂದು ರೊಟ್ಟಿ ಕೇಳುತ್ತಿದ್ದ. ದೂರದ ಅಗರಖೇಡದಿಂದಲೂ ಬೀಗರಿಗೆ ಕಳಿಸಲೆಂದು ಡಬ್ಬಿ ಹಿಡಿದು ಬರುತ್ತಿದ್ದರು. ಅಂಥ ಚಟ್ನಿಯಲ್ಲಿ ಉಸುಕು ಅಂದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ?

ಇನ್ನೊಂದು ಉರಿಯೂ ಇತ್ತು. ವರ್ಷದಿಂದ ಅವಳು ಸೀಗಡಿ ಕೊಳ್ಳುತ್ತಿದ್ದದ್ದು ಇವನೊಬ್ಬನ ಹತ್ತಿರವೇ. ಅವಳು ಚೀಲದ ತಳದವರೆಗೆ ಕೈ ಇಳಿಸಿ ಮಾಲು ನೋಡುವಾಗ ಅವನು ಚೀಲದ ಬಾಯಿ ಅಗಲಿಸಿ ಹಿಡಿದು, ಅವಳ ಮುಖವನ್ನೇ ನೋಡುತ್ತ, “ತಳ ಸಿಕ್ತೇನು?” ಅನ್ನುತ್ತಿದ್ದ. “ಚೀಲದ್ದು ಸಿಕ್ತು, ನಿಂದ ಇನ್ನೂ ಸಿಕ್ಕಿಲ್ಲ,” ಅನ್ನುತ್ತಿದ್ದಳು ಇವಳು. ಆಮೇಲೆ ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಮನೆ ಸೇರುತ್ತಿದ್ದಳು. ಅಂಥವನು ಮೋಸ ಮಾಡಿದನಲ್ಲ!

“ಬಾನು.” ಮಶಾಕ ಎದ್ದು ನಿಂತ. ಮೊದಲ ಸಲ ಹೆಸರು ಹಿಡಿದು ಕರೆದದ್ದು, ಅದೂ ಇಂಥ ಹೊತ್ತಿನಲ್ಲಿ. “ಆ ಚೀಲ ಮಾರಿ ಮುಗದೈತಿ. ತೋರಸಾಕ ನನ್ನ ಹಂತ್ಯಾಕ ಏನೂ ಇಲ್ಲ, ಮಾತೊಂದೈತಿ. ನನ್ನ ಸೀಗಡ್ಯಾಗ ಉಸುಕಿಲ್ಲ.”

“ಮಾತು ಹಲ್ಲಿಗೆ ಸಿಗೂದಿಲ್ಲ. ಉಸುಕು ಸಿಗತೈತಿ.”

ಜನ ಹೋ ಎಂದು ನಕ್ಕರು. ಮಶಾಕ ಒಂದೊಂದಾಗಿ ಚೀಲಗಳ ಬಾಯಿ ಕಟ್ಟಿದ.

“ನಿನ್ನ ಬಾಯಿಂದ ‘ತಪ್ಪಾತು’ ಅನ್ನೂತನಕ ಈ ಸಂತ್ಯಾಗ ಕೂಡಂಗಿಲ್ಲ,” ಅಂದ.

“ಹಂಗಾರ ಇಂಡ್ಯಾಗ ಕುಂತು ಮುದುಕ ಆಗು, ಹೋಗು!”

ಅವನು ಹೋದ. ಮುಂದಿನ ವಾರ ಆ ಜಾಗ ಖಾಲಿ. ಅದರ ಮುಂದಿನ ವಾರವೂ ಖಾಲಿ. ಬಾನುಬಿ ಏನೂ ಕೊಳ್ಳುವುದಿಲ್ಲದಿದ್ದರೂ ಆ ದಾರಿಯಲ್ಲಿ ಎರಡೆರಡು ಸಲ ಹಾದು ಬಂದಳು. ಪಕ್ಕದಲ್ಲಿ ಮೆಣಸಿನಕಾಯಿ ಮಾರುವ ಸಾವಂತ್ರವ್ವನ ಕಣ್ಣಿಗೆ ಅದು ಬೀಳದೆ ಇದ್ದೀತೇ?

“ಯಾರನ್ನ ಹುಡುಕಾಕತ್ತೀಯವ್ವಾ? ಅಂವ ಮುದ್ದೇಬಿಹಾಳ, ಬಾಗೇವಾಡಿ ಸಂತಿ ಅಷ್ಟ ಮಾಡ್ತಾನಂತ. ನಿನ್ನ ಮಾತು ಅಲ್ಲಿತನಕಾನೂ ಮುಟ್ಟೈತಿ. ಮಂದಿ ಬೋಗುಣ್ಯಾಗ ನೀರು ತಗೊಂಡು, ಸೀಗಡಿ ತೊಳದು ನೋಡಿ ಕೊಳ್ಳಾಕತ್ತಾರಂತ.”

“ನೋಡ್ಲಿ. ಮಾಡಿದ್ದು ಉಣ್ಲಿ,” ಅಂದಳು ಬಾನುಬಿ. ಅಂದಳೇನೋ ನಿಜ, ಆ ದಿನ ಅವಳಿಗೆ ಊಟ ಸೇರಲಿಲ್ಲ.

ಮರುದಿನ ಮದುವೆ ಮನೆಯೊಂದಕ್ಕೆ ಚಟ್ನಿ ಬೇಕಾಗಿತ್ತು. ಡಬ್ಬಿಯ ತಳದಲ್ಲಿ ಒಂದು ಸೇರು ಸೀಗಡಿ ಉಳಿದಿತ್ತು, ಅದೇ ಚೀಲದ್ದು, ಮಶಾಕನದ್ದೇ. ಬೇರೆ ದಾರಿಯಿಲ್ಲದೆ ಬೈದುಕೊಳ್ಳುತ್ತ ನೀರಿಗೆ ಹಾಕಿ ತೊಳೆದಳು. ಬೋಗುಣಿಯ ತಳ ತಡವಿದಳು. ಒಂದು ಹರಳೂ ಇಲ್ಲ. ಬಿಸಿಲಿಗೆ ಒಣಗಿಸಿ, ತನ್ನ ಬಾಣಲೆಯಲ್ಲಿ ಹುರಿದು, ಕುಟ್ಟಿ, ಬಾಯಿಗೆ ಹಾಕಿಕೊಂಡಳು. ಬೆಣ್ಣೆಯಂತೆ ಇಳಿಯಿತು.

ಬಾನುಬಿ ತಟ್ಟನೆ ಹಿತ್ತಿಲ ಕಡೆ ತಿರುಗಿ ನೋಡಿದಳು.

ಅಪ್ಪ ಗುಡುಸಾಬನದು ಚುರಮುರಿ ಭಟ್ಟಿ. ಹಿತ್ತಿಲಲ್ಲಿ ದೊಡ್ಡ ಬಾಣಲೆ ಇಟ್ಟು, ಕಾದ ಉಸುಕಿನಲ್ಲಿ ಅಕ್ಕಿ ಹುರಿದು ಚುರಮುರಿ ಅರಳಿಸುತ್ತಿದ್ದ. ಹೋದ ಸಲ ಬಾನುಬಿಯ ಚಟ್ನಿ ಬಾಣಲೆಯನ್ನು ಪಕ್ಕದ ಮನೆಯವರು ಒಯ್ದಿದ್ದರು. ಅವಸರ ಬೇರೆ. ಅಪ್ಪನ ಬಾಣಲೆಯ ಉಸುಕು ಚೆಲ್ಲಿ, ಬಟ್ಟೆಯಲ್ಲಿ ಒರೆಸಿ, ಅದರಲ್ಲೇ ಸೀಗಡಿ ಹುರಿದಿದ್ದಳು. ಓಡಿ ಹೋಗಿ ಅದರ ಹಿಡಿಕೆಯ ಸಂದಿಯಲ್ಲಿ ಬೆರಳಾಡಿಸಿದಳು. ಕರಿ ಉಸುಕು ಉದುರಿತು.

“ಅಪ್ಪಾ, ಉಸುಕು ನಮ್ಮದ. ಅವನದಲ್ಲ,” ಅಂದಳು.

ಗುಡುಸಾಬ ಭಟ್ಟಿಯ ಮುಂದೆ ಕೂತವನು ಬಾಗಿಲ ಕಡೆ ನೋಡಿ ಪಿಸುಗುಟ್ಟಿದ. “ಬಾಯಿ ಮುಚ್ಚು. ನಿನ್ನ ಚಟ್ನ್ಯಾಗ ನಿನ್ನ ಉಸುಕು ಅಂತ ಗೊತ್ತಾದ್ರ ಇನ್ನ ಯಾರು ಕೊಳ್ತಾರ? ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ನಿಂದು. ನಾಕು ದಿನಕ್ಕ ಮಂದಿ ಮರೀತಾರ.”

“ನನ್ನ ಹೆಸರು ಉಳೀಲಿ ಅಂತ ಅವನ ಹೆಸರು ಮಣ್ಣಾಗ ಹಾಕ್ಲೇನು? ಚಟ್ನಿ ನಂದು ಅಂತ ಎದಿ ಉಬ್ಬಿಸಿ ತಿರಗ್ಯಾಡಿಲ್ಲೇನು? ತಪ್ಪೂ ನಂದ.”

ಬಾಗೇವಾಡಿ ಸಂತೆಯ ದಿನ ಬಾನುಬಿ ಮೊದಲ ಬಸ್ಸು ಹತ್ತಿದಳು. ಮಡಿಲಲ್ಲಿ ರೊಟ್ಟಿಯ ಗಂಟು, ಹೊಸ ಚಟ್ನಿಯ ಡಬ್ಬಿ. ಹೂವಿನ ಹಿಪ್ಪರಗಿ ದಾಟುವವರೆಗೂ ಹೇಳಬೇಕಾದ ಮಾತನ್ನು ಹತ್ತು ಥರ ಜೋಡಿಸಿಕೊಂಡಳು. ಬಸ್ಸಿಳಿಯುವಾಗ ಒಂದೂ ನೆನಪಿರಲಿಲ್ಲ.

ಮಶಾಕ ಸಂತೆಯ ಒಂದು ಮೂಲೆಯಲ್ಲಿ ಕೂತಿದ್ದ. ಗಡ್ಡ ಬಿಟ್ಟು ಸೊರಗಿದ್ದ. ಅವನ ಮುಂದೆ ಮುದುಕಿಯೊಬ್ಬಳು ಬೋಗುಣಿಯ ನೀರಿನಲ್ಲಿ ಸೀಗಡಿ ಅಲುಗಿಸಿ ನೋಡುತ್ತಿದ್ದಳು, ಅವನು ತಲೆ ತಗ್ಗಿಸಿ ಸುಮ್ಮನೆ ಕಾಯುತ್ತಿದ್ದ. ಬಾನುಬಿ ಜನರನ್ನು ಸರಿಸಿಕೊಂಡು ಅವನ ಮುಂದೆ ಹೋಗಿ ನಿಂತಳು.

“ಕೇಳ್ರಿ!” ಅಂದಳು. ಕತ್ತು ಬಾಗಲಿಲ್ಲ. “ನಾ ಸಿಂದಗಿ ಗುಡುಸಾಬನ ಮಗಳು ಬಾನುಬಿ. ಇವನ ಸೀಗಡ್ಯಾಗ ಉಸುಕು ಐತಿ ಅಂತ ಚೀರಿದಾಕಿ ನಾನ. ಅದು ಸುಳ್ಳು. ಚುರಮುರಿ ಹುರಿಯೂ ಬಾಣಲ್ಯಾಗ ಸೀಗಡಿ ಹುರಿದಾಕಿ ನಾನು, ಉಸುಕು ಅದರಾಗಿತ್ತು. ಇವನ ಮಾಲು ಚೊಕ್ಕ. ತಪ್ಪಾತು, ನಂದ ತಪ್ಪಾತು.”

ಒಬ್ಬ ನಕ್ಕ. “ಹಂಗಾರ ಇನ್ನ ನಿನ್ನ ಚಟ್ನಿ ಯಾರು ತಿಂತಾರವಾ?”

“ತಿಂದು ಹೇಳ್ರಿ,” ಎಂದು ಬಾನುಬಿ ಗಂಟು ಬಿಚ್ಚಿದಳು.

ಎಲ್ಲರಿಗಿಂತ ಮೊದಲು ಆ ಮುದುಕಿಯೇ ಕೈ ಚಾಚಿದಳು. “ನನಗ ಕೊಡು. ನನಗಿರೂವು ಎರಡ ಹಲ್ಲು, ಉಸುಕಿದ್ರ ಮೊದಲ ನನಗ ತಿಳೀತೈತಿ.” ರೊಟ್ಟಿಗೆ ಚಟ್ನಿ ಹಚ್ಚಿ ಅಗಿದಳು, ಅಗಿದಳು, ಎಲ್ಲರೂ ಅವಳ ಬಾಯನ್ನೇ ನೋಡುತ್ತ ನಿಂತರು. “ಅಯ್ಯ ನಮ್ಮವ್ವ! ಇನ್ನೊಂದೀಟು ಹಾಕು,” ಅಂದಳು. ಆಮೇಲೆ ಗಂಟಿನ ಮೇಲೆ ಎಷ್ಟು ಕೈ ಬಿದ್ದವೋ ಲೆಕ್ಕವಿಲ್ಲ.

ಮಶಾಕನ ಪಾಲಿಗೆ ಅರ್ಧ ರೊಟ್ಟಿ ಉಳಿಯಿತು. ಅದನ್ನು ಅವಳೇ ಕೊಟ್ಟಳು. ಅವನು ತಿನ್ನದೆ ಕೈಯಲ್ಲಿ ಹಿಡಿದುಕೊಂಡ.

“ಬೈದಿದ್ದಕ್ಕ ಸಿಟ್ಟಿರಲಿಲ್ಲ ಬಾನು,” ಅಂದ ಮೆಲ್ಲಗೆ. “ನೀ ನನ್ನ ನಂಬಲಿಲ್ಲಲ್ಲ, ಅದರ ಸಂಕಟ ಭಾಳ ಆತು. ಬ್ಯಾರೆ ಯಾರು ಅಂದಿದ್ರೂ ಧೂಳ ಝಾಡಿಸಿದಂಗ ಝಾಡಿಸಿ ಮರತಬಿಡತಿದ್ನಿ.”

“ನನಗೇನು ಸುಖ ಇತ್ತೇನು? ಖಾಲಿ ಜಾಗಾ ನೋಡಾಕ ಎರಡೆರಡು ಸಲ ಸಂತಿ ಸುತ್ತೇನಿ,” ಅಂದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

ಅವನ ಮುಖ ಅರಳಿತು. ಇನ್ನೂ ಹತ್ತಿರ ಬಾಗಿ ಪಿಸುಗುಟ್ಟಿದ. “ನಾಳೆ ಸಿಂದಗಿಗೆ ಬಂದು ನಿಮ್ಮಪ್ಪನ್ನ ಕೇಳ್ತೇನಿ.”

“ಏನಂತ?”

“ಏನಂತ ನಿನಗ ಗೊತ್ತಿಲ್ಲೇನು?”

“ಪಿಸಿಪಿಸಿ ಅನಬ್ಯಾಡ. ಬೈದದ್ದೂ ಎಲ್ಲಾರ ಮುಂದ, ತಪ್ಪಾತಂದದ್ದೂ ಎಲ್ಲಾರ ಮುಂದ. ಇದೊಂದು ಯಾಕ ಕದ್ದುಮುಚ್ಚಿ? ಅಪ್ಪಗ ಆಮ್ಯಾಲೆ ಕೇಳು. ಮೊದಲ ನನ್ನ ಕೇಳು.”

ಮಶಾಕ ಕಿವಿಯ ತನಕ ಕೆಂಪಾದ.

“ಕೇಳಪಾ, ನಾವೂ ಕೇಳ್ತೇವಿ,” ಅಂದಳು ಮುದುಕಿ ಬೆರಳು ನೆಕ್ಕುತ್ತ.

ಅವನು ಎದ್ದು ನಿಂತು ಅಂಗಿ ಸರಿಮಾಡಿಕೊಂಡ. “ಬಾನುಬಿ, ನನ್ನ ಮದುವಿ ಆಗ್ತೀಯೇನು?”

“ಆಗ್ತೇನಿ,” ಅಂದಳು ತಲೆಯೆತ್ತಿ. “ಆದ್ರ ಒಂದು ಮಾತು. ಇಂಡಿಗೆ ಬಂದ್ರೂ ಚಟ್ನಿ ಸಿಂದಗಿ ಬಾನುಬಿದು ಅಂತನ ಮಾರ್ತೇನಿ. ಆ ಹೆಸರು ಬಿಡಂಗಿಲ್ಲ.”

“ಆ ಹೆಸರಿಗೇ ಸೋತಾಂವ ನಾನು. ಬಿಡು ಅಂತೇನೇನು?”

ಜನ ಶಿಳ್ಳೆ ಹಾಕಿದರು. ಬಾನುಬಿ ಸೆರಗು ಸರಿಪಡಿಸಿಕೊಂಡು, ಚೀಲಗಳನ್ನು ದಾಟಿ ಬಂದು, ಅವನ ಪಕ್ಕದಲ್ಲಿ ಹಕ್ಕಿನಿಂದ ಕೂತಳು.